ಬಿಲ್ಲು ಹಿಡಿದ ಓಟಗಾರ

ಕ್ರೀಡಾರಂಗದಲ್ಲಿ ಜಯ ಗಳಿಸಿದವರು ಅನೇಕರು. ಜಯದ ಸಾಧನವನ್ನೇ ಕಳೆದುಕೊಂಡ ಮೇಲೂ ಎದೆಗುಂದದೆ, ಹೊಸದೊಂದು ಆಟವನ್ನು ಮೊದಲಿನಿಂದ ಕಲಿಯಲು ಮುಂದಾದವರು ವಿರಳ. ಅಂಥವರಲ್ಲಿ ಇಥಿಯೋಪಿಯ ದೇಶದ ಅಬೆಬೆ ಬಿಕಿಲನ ಹೆಸರು ಚಿರಸ್ಮರಣೀಯವಾದುದು.

ಅಬೆಬೆ 1932ನೆಯ ಇಸವಿಯ ಆಗಸ್ಟ್ 7ರಂದು ಜಾಟೋ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಜನಿಸಿದನು. ಪ್ರಾಯಕ್ಕೆ ಬಂದ ಮೇಲೆ ರಾಜಧಾನಿಯಾದ ಅಡಿಸ್ ಅಬಾಬಕ್ಕೆ ಬಂದು, ಚಕ್ರವರ್ತಿಯ ಅಂಗರಕ್ಷಕ ದಳವನ್ನು ಸೇರಿದನು. ಅಲ್ಲಿ ಸ್ವೀಡನ್ನಿನಿಂದ ಬಂದಿದ್ದ ಓನ್ನಿ ನಿಸ್ಕನೆನ್ ಎಂಬ ಶಿಕ್ಷಕನು ಈ ಸೈನಿಕನಲ್ಲಿ ಅಡಗಿದ್ದ ಓಟದ ಶಕ್ತಿಯನ್ನು ಗುರುತಿಸಿ, ಅವನಿಗೆ ಕ್ರಮಬದ್ಧವಾದ ತರಬೇತಿ ನೀಡಿದನು.

1960ರಲ್ಲಿ ರೋಮ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಮ್ಯಾರಥಾನ್ ಎಂಬುದು 42 ಕಿಲೋಮೀಟರಿಗೂ ಮಿಗಿಲಾದ ದೀರ್ಘ ಓಟ. ಹೊರಜಗತ್ತಿಗೆ ಅಪರಿಚಿತನಾಗಿದ್ದ ಅಬೆಬೆ ಅದನ್ನು ಬರಿಗಾಲಿನಲ್ಲಿ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಮುಗಿಸಿ ಪ್ರಥಮ ಸ್ಥಾನ ಪಡೆದನು. ಹಿಂದೆ ಇಥಿಯೋಪಿಯವನ್ನು ಆಕ್ರಮಿಸಿದ್ದ ದೇಶದ ರಾಜಧಾನಿಯಲ್ಲೇ ಆತ ತನ್ನ ನಾಡಿಗೆ ಮೊದಲ ಒಲಿಂಪಿಕ್ ಚಿನ್ನವನ್ನು ದೊರಕಿಸಿದನು. 1964ರ ಟೋಕಿಯೋ ಕ್ರೀಡೆಗಳ ಮ್ಯಾರಥಾನಿಗೆ ಸುಮಾರು ಐದು ವಾರಗಳ ಮುನ್ನ ಆತನಿಗೆ ಕರುಳುಬಾಲದ ಶಸ್ತ್ರಚಿಕಿತ್ಸೆಯಾಗಿತ್ತು. ಆದರೂ ಅಲ್ಲಿ 2 ಗಂಟೆ 12 ನಿಮಿಷ 11 ಸೆಕೆಂಡುಗಳಲ್ಲಿ ಓಡಿ, ಒಲಿಂಪಿಕ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗನೆನಿಸಿದನು.

ವಿಧಿಯ ಲೀಲೆ ಬೇರೆಯೇ ಆಗಿತ್ತು. 1969ರ ಮಾರ್ಚ್ ತಿಂಗಳ ಒಂದು ರಾತ್ರಿ ಆತನ ಕಾರು ಉರುಳಿಬಿದ್ದಿತು. ಬೆನ್ನುಹುರಿಗೆ ಪೆಟ್ಟಾಗಿ, ಜಗತ್ತೇ ಕೊಂಡಾಡಿದ ಆ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಚಿಕಿತ್ಸೆಗಾಗಿ ಅವನನ್ನು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಕರೆದೊಯ್ದರು.

ಬೆನ್ನುಹುರಿಯ ಪೆಟ್ಟಿನಿಂದ ನಡೆಯಲಾರದವರಿಗೆ ಕ್ರೀಡೆಯೂ ಒಂದು ಔಷಧವೆಂದು ನಂಬಿದ್ದ ವೈದ್ಯ ಲುಡ್ವಿಗ್ ಗುಟ್‌ಮನ್ ಆ ಆಸ್ಪತ್ರೆಯಲ್ಲಿ ಅಂಥವರ ಚಿಕಿತ್ಸೆಯ ಕೇಂದ್ರವನ್ನು ಕಟ್ಟಿ ಬೆಳೆಸಿದ್ದನು. ಗಾಲಿಕುರ್ಚಿಯಲ್ಲಿ ಕುಳಿತವರಿಗಾಗಿ 1948ರಲ್ಲೇ ಅಲ್ಲಿ ಬಿಲ್ಲುಗಾರಿಕೆಯ ಸ್ಪರ್ಧೆ ಆರಂಭವಾಗಿತ್ತು. ಬಿಲ್ಲಿನ ಹೆದೆಯನ್ನು ಎಳೆಯುವುದರಿಂದ ತೋಳು, ಭುಜ, ಬೆನ್ನುಗಳು ಬಲಗೊಳ್ಳುತ್ತವೆ. ಕುಳಿತಲ್ಲೇ ದೇಹದ ಸಮತೋಲನ ಸಾಧಿಸುತ್ತದೆ.

ಕಾಲುಗಳ ಬಲದಿಂದ ಲೋಕವನ್ನು ಗೆದ್ದವನು ಈಗ ತೋಳುಗಳನ್ನು ನೆಚ್ಚಬೇಕಾಗಿತ್ತು. ಎರಡು ಚಿನ್ನದ ಪದಕಗಳ ಒಡೆಯನಿಗೆ ಎಳೆಯ ವಿದ್ಯಾರ್ಥಿಯಂತೆ ಗುರಿ ತಪ್ಪಿ ತಪ್ಪಿ ಕಲಿಯುವುದು ಸುಲಭವಲ್ಲ. ಹಿಂದಿನ ಕೀರ್ತಿಯನ್ನು ನೆನೆಯುತ್ತ ಮನೆಯಲ್ಲಿ ಉಳಿದಿದ್ದರೂ ಯಾರೂ ಅವನನ್ನು ದೂರುತ್ತಿರಲಿಲ್ಲ. ಆದರೆ ಅಬೆಬೆ ಕೀರ್ತಿಯನ್ನು ಬದಿಗಿಟ್ಟು ಬಿಲ್ಲನ್ನು ಕೈಗೆತ್ತಿಕೊಂಡನು. 1970ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಕ್ರೀಡಾಕೂಟದಲ್ಲಿ ಬಿಲ್ಲುಗಾರಿಕೆ ಹಾಗೂ ಟೇಬಲ್ ಟೆನಿಸ್ ಪಂದ್ಯಗಳಲ್ಲಿ ಪಾಲ್ಗೊಂಡನು. ಮರುವರ್ಷ ನಾರ್ವೆ ದೇಶದಲ್ಲಿ ಅಂಗವಿಕಲರ ಕ್ರೀಡಾಕೂಟಕ್ಕೆ ಅತಿಥಿಯಾಗಿ ಹೋದವನು ಸುಮ್ಮನೆ ಕೂರದೆ ತಾನೂ ಸ್ಪರ್ಧೆಗಿಳಿದನು. ಹಿಮದ ಮೇಲೆ ಜಾರುಬಂಡಿಯಲ್ಲಿ ಸಾಗುವ ದೀರ್ಘ ಪಂದ್ಯದಲ್ಲಿ ಎಲ್ಲರನ್ನೂ ಹಿಂದಿಕ್ಕಿ ಜಯಶಾಲಿಯಾದನು.

1972ರ ಮ್ಯೂನಿಕ್ ಒಲಿಂಪಿಕ್ಸಿಗೆ ಗಾಲಿಕುರ್ಚಿಯಲ್ಲಿ ಬಂದ ಈ ವೀರನನ್ನು ಪ್ರೇಕ್ಷಕರು ಎದ್ದುನಿಂತು ಗೌರವಿಸಿದರು. 1973ರ ಅಕ್ಟೋಬರ್ 25ರಂದು, ತನ್ನ 41ನೆಯ ವಯಸ್ಸಿನಲ್ಲಿ, ಮೆದುಳಿನ ರಕ್ತಸ್ರಾವದಿಂದ ಅಬೆಬೆ ನಿಧನ ಹೊಂದಿದನು. ಸಹಸ್ರಾರು ಜನರು ಅವನ ಅಂತಿಮಯಾತ್ರೆಯಲ್ಲಿ ಪಾಲ್ಗೊಂಡರು.

ರೋಮ್ ನಗರದ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿದ ಅಬೆಬೆಯನ್ನು ಲೋಕ ಮರೆತಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಮೊದಲ ಬಾಣ ಹೂಡಿದ ಅಬೆಬೆಯೂ ಅಷ್ಟೇ ಸ್ಮರಣೀಯನು. ಅಲ್ಲಿ ಗೆದ್ದದ್ದು ಅವನ ಕಾಲುಗಳು. ಇಲ್ಲಿ ಗೆದ್ದದ್ದು ಅವನ ಮನಸ್ಸು.