ಫೋರ್ಟ್ರಾನ್ ಜನಕ ಜಾನ್ ಬ್ಯಾಕಸ್

1924ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನಿಸಿದ ಜಾನ್ ಬ್ಯಾಕಸ್ ಶಾಲೆಯಲ್ಲಿ ಜಾಣನೆನಿಸಿಕೊಂಡವನಲ್ಲ. 1950ರಲ್ಲಿ ಅವನು ಐ.ಬಿ.ಎಂ. ಸಂಸ್ಥೆಯನ್ನು ಸೇರಿದನು. ಆಗ ಗಣಕಯಂತ್ರಕ್ಕೆ ಅದರ ಸಂಕೇತಗಳಲ್ಲಿಯೇ ಆಜ್ಞೆಗಳನ್ನು ಬರೆಯಬೇಕಾಗಿತ್ತು. ಅದು ಬಲು ಪ್ರಯಾಸದ ಕೆಲಸ. 1953ರಲ್ಲಿ ಅವನು ರೂಪಿಸಿದ ‘ಸ್ಪೀಡ್‌ಕೋಡಿಂಗ್’ ಬರೆಯುವವನ ಶ್ರಮವನ್ನು ತಗ್ಗಿಸಿತಾದರೂ, ಹೆಸರಿಗೆ ವಿರುದ್ಧವಾಗಿ, ಯಂತ್ರದ ಓಟವನ್ನು ಕುಂಠಿತಗೊಳಿಸಿತು. ಒಂದೊಂದು ಆಜ್ಞೆಯನ್ನೂ ನಡೆಸುವ ಹೊತ್ತಿನಲ್ಲಿಯೇ ಅರ್ಥೈಸಬೇಕಾಗಿದ್ದುದೇ ಅದಕ್ಕೆ ಕಾರಣ. ಇಡೀ ಬರಹವನ್ನು ಮೊದಲೇ ಯಂತ್ರಭಾಷೆಗೆ ಅನುವಾದಿಸಿಬಿಟ್ಟರೆ? ಈ ಯೋಚನೆಯಿಂದ ಫೋರ್ಟ್ರಾನ್ ಹುಟ್ಟಿತು. ನುರಿತವರು ನಂಬಲಿಲ್ಲ. ಕೈಯಿಂದ ಬರೆದ ಆಜ್ಞೆಗಳ ಅರ್ಧದಷ್ಟು ವೇಗ ಮಾತ್ರ ದೊರೆತರೆ ತನ್ನ ಭಾಷೆಯನ್ನು ಯಾರೂ ಒಪ್ಪಲಾರರೆಂಬ ಅಳುಕು ಬ್ಯಾಕಸನಿಗೂ ಇತ್ತು. 1957ರಲ್ಲಿ ಐ.ಬಿ.ಎಂ. 704 ಯಂತ್ರಕ್ಕಾಗಿ ಅದು ಹೊರಬಂದಾಗ, ಎಷ್ಟೋ ಲೆಕ್ಕಗಳಲ್ಲಿ ಅದರ ವೇಗ ನುರಿತವರ ಬರಹಕ್ಕೆ ಸರಿಸಮವಾಗಿಯೇ ಕಂಡಿತು. ಅನುವಾದಕ ಹೆಣೆದ ಆಜ್ಞೆಗಳನ್ನು ಪರಿಶೀಲಿಸಿ, ಅದನ್ನು ರಚಿಸಿದವರೇ ಬೆರಗಾದರು. 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಬ್ಯಾಕಸ್ 2007ರಲ್ಲಿ ನಿಧನ ಹೊಂದಿದನು.