ದರ್ಜೆ ನೋಡದೆ ಗಾಯ ನೋಡಿದ ಸರ್ಜನ್ ಲಾರೇ

ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಒಂದೇ ಹೊತ್ತಿಗೆ ನಾಲ್ಕು ಜನ ಬಂದರೆ ನರ್ಸ್ ಮೊದಲು ನೋಡೋದು ಉಸಿರು, ನಾಡಿ, ಬಿ.ಪಿ., ಪ್ರಜ್ಞೆ. ರೇಷನ್ ಅಂಗಡಿಯ ಕ್ಯೂ ಲೆಕ್ಕ ಅಲ್ಲಿ ನಡೆಯೋದಿಲ್ಲ. ಕೈ ಮುರಿದು ಕಿರುಚುವವನನ್ನು ಹೊರಗೆ ಕೂರಿಸಿ, ಬೆವರುತ್ತಾ ಸುಮ್ಮನೆ ಕೂತ ಇನ್ನೊಬ್ಬನನ್ನು ಒಳಗೆ ಕರೆದರೆ ಜೊತೆಗೆ ಬಂದವರು ಗಲಾಟೆ ಮಾಡೋದುಂಟು. ಈ ವಿಂಗಡಣೆಗೆ ಟ್ರಯಾಜ್ ಅಂತ ಹೆಸರು. ಇದಕ್ಕೆ ಅಡಿಪಾಯ ಹಾಕಿದವರು ನೆಪೋಲಿಯನ್ ಸೈನ್ಯದ ಸರ್ಜನ್ ಡೊಮಿನಿಕ್ ಝಾನ್ ಲಾರೇ.

ಲಾರೇ ಹುಟ್ಟಿದ್ದು 1766ರಲ್ಲಿ, ಫ್ರಾನ್ಸಿನ ಪಿರನೀಸ್ ಬೆಟ್ಟಗಳ ಬೋದೇಆನ್ ಎಂಬ ಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಟೂಲೂಸ್ ನಗರದಲ್ಲಿ ಸರ್ಜನ್ ಆಗಿದ್ದ ಚಿಕ್ಕಪ್ಪನ ಹತ್ತಿರ ಬೆಳೆದು, ಅಲ್ಲೇ ಕೆಲಸ ಕಲಿತರು. ನೌಕಾಪಡೆ ಸೇರಿ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹೋಗಿ ಬಂದರಾದರೂ ಕಡಲು ಅವರಿಗೆ ಒಗ್ಗಲಿಲ್ಲ, ಹಡಗು ಹತ್ತಿದರೆ ವಾಂತಿ. 1792ರಲ್ಲಿ ಯುದ್ಧ ಶುರುವಾದಾಗ ರೈನ್ ನದಿ ಕಡೆಯ ಸೈನ್ಯಕ್ಕೆ ಸೇರಿದರು.

ಅಲ್ಲಿನ ನಿಯಮ ವಿಚಿತ್ರವಾಗಿತ್ತು. ಚಿಕಿತ್ಸೆಯ ಗಾಡಿಗಳು ಯುದ್ಧ ನಡೆಯೋ ಜಾಗದಿಂದ ನಾಲ್ಕೈದು ಕಿಲೋಮೀಟರ್ ದೂರ ನಿಲ್ಲಬೇಕು, ಯುದ್ಧ ಮುಗಿದ ಮೇಲೆಯೇ ಗಾಯಾಳುಗಳನ್ನು ಎತ್ತಬೇಕು. ಅಷ್ಟರಲ್ಲಿ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಳೆದಿರುತ್ತಿತ್ತು. ಉಳಿಯಬಹುದಾಗಿದ್ದ ಎಷ್ಟೋ ಜನ ರಕ್ತ ಹರಿದು ಬಿದ್ದಲ್ಲೇ ಸಾಯುತ್ತಿದ್ದರು. ಕುದುರೆಗಳು ಎಳೆಯುವ ಹಗುರ ಫಿರಂಗಿಗಳು ಮೈದಾನದ ತುಂಬಾ ಓಡಾಡುವುದನ್ನು ಲಾರೇ ನೋಡಿದರು. ಫಿರಂಗಿ ಅಷ್ಟು ಬೇಗ ಹೋಗೋದಾದರೆ ಚಿಕಿತ್ಸೆ ಯಾಕೆ ಹೋಗಬಾರದು ಅನ್ನೋದು ಅವರ ಪ್ರಶ್ನೆ. ಹೀಗೆ ಹುಟ್ಟಿದ್ದು 'ಹಾರುವ ಆಂಬ್ಯುಲೆನ್ಸ್'. ಎರಡು ಚಕ್ರ, ಎರಡು ಕುದುರೆ, ಕುಲುಕಾಟ ತಡೆಯೋಕೆ ಸ್ಪ್ರಿಂಗ್, ಒಳಗೆ ಹಾಸಿಗೆ. ಇಬ್ಬರನ್ನು ಮಲಗಿಸಿಕೊಂಡು ಹೋಗಬಹುದಿತ್ತು. 1798ರಲ್ಲಿ ಈಜಿಪ್ಟಿಗೆ ಹೋದಾಗ ಆ ಮರಳಲ್ಲಿ ಒಂಟೆಯ ಎರಡೂ ಬದಿಗೆ ಪೆಟ್ಟಿಗೆ ಕಟ್ಟಿಸಿ ಗಾಯಾಳುಗಳನ್ನು ಸಾಗಿಸಿದರು.

ಗಾಡಿ ಬೇಗ ಬಂತು ಸರಿ, ಆದರೆ ನೂರಾರು ಜನ ಒಟ್ಟಿಗೆ ಬಂದು ಬಿದ್ದಾಗ ಯಾರನ್ನು ಮೊದಲು ಮುಟ್ಟೋದು? ಅಧಿಕಾರಿಗಳಿಗೆ ಮೊದಲು ಅನ್ನೋದು ಆ ಕಾಲದ ರೂಢಿ. ಲಾರೇ ಅದನ್ನು ಒಪ್ಪಲಿಲ್ಲ. ಅತಿ ಅಪಾಯದ ಗಾಯ ಇರುವವನು ಮೊದಲು, ತಡೆದುಕೊಳ್ಳಬಲ್ಲವನು ಆಮೇಲೆ. ದರ್ಜೆ ಲೆಕ್ಕಕ್ಕಿಲ್ಲ, ದೇಶವೂ ಲೆಕ್ಕಕ್ಕಿಲ್ಲ. ಶತ್ರು ಸೈನಿಕನಿಗೂ ಅದೇ ಸಾಲು.

ಟ್ರಯಾಜ್ ಅನ್ನೋ ಪದ ಫ್ರೆಂಚ್ ಭಾಷೆಯ 'ವಿಂಗಡಿಸು' ಎಂಬ ಮಾತಿನಿಂದ ಬಂದದ್ದು. ಉಣ್ಣೆ, ಕಾಫಿ ಬೀಜ ಆರಿಸೋಕೆ ಬಳಸುತ್ತಿದ್ದ ವ್ಯಾಪಾರದ ಪದ ಅದು, ಲಾರೇ ಕಾಲದ ನಂತರವೇ ವೈದ್ಯಕ್ಕೆ ಬಂತು. ನಮ್ಮ ಕರಾವಳಿಯ ಅಡಿಕೆ ಮಂಡಿಯಲ್ಲೂ ಹೀಗೇ ಪಟೋರ, ಕರಿಗೋಟು ಅಂತ ಬೇರೆ ಮಾಡುತ್ತಾರಲ್ಲ. ಆದರೆ ಮಂಡಿಯಲ್ಲಿ ಒಳ್ಳೆ ಮಾಲಿಗೆ ಬೆಲೆ, ಹಾಳಾದದ್ದು ಮೂಲೆಗೆ. ಲಾರೇ ಮಾಡಿದ್ದು ಪೂರಾ ಉಲ್ಟಾ. ಯಾರ ಸ್ಥಿತಿ ಅತಿ ಕೆಟ್ಟದ್ದೋ ಅವನೇ ಮುಂದೆ.

1809ರ ಮೇ ತಿಂಗಳಲ್ಲಿ ವಿಯೆನ್ನಾ ಹತ್ತಿರ ಡಾನ್ಯೂಬ್ ನದಿಯ ಲೋಬಾವ್ ದ್ವೀಪದಲ್ಲಿ ಸಾವಿರಾರು ಗಾಯಾಳುಗಳು ಸಿಕ್ಕಿಬಿದ್ದರು. ಸೇತುವೆ ಮುರಿದಿತ್ತು, ತಿನ್ನೋಕೆ ಏನೂ ಇರಲಿಲ್ಲ. ಲಾರೇ ಕುದುರೆಗಳನ್ನು ಕಡಿಸಿದರು, ಅದರಲ್ಲಿ ದೊಡ್ಡ ಅಧಿಕಾರಿಗಳ ಕುದುರೆಗಳೂ ಸೇರಿದ್ದವು. ಪಾತ್ರೆ ಇಲ್ಲದ್ದಕ್ಕೆ ಸವಾರರ ಎದೆಕವಚದಲ್ಲೇ ಸೂಪ್ ಬೇಯಿಸಿದರು. ಉಪ್ಪಿಗೆ ಬದಲು ಬಂದೂಕಿನ ಮದ್ದು! ಕುದುರೆ ಕಳೆದುಕೊಂಡವರು ಚಕ್ರವರ್ತಿವರೆಗೂ ದೂರು ಒಯ್ದರು. ಅದರಿಂದ ಏನೂ ಆಗಲಿಲ್ಲ, ಅದೇ ವರ್ಷ ಲಾರೇಗೆ ಬ್ಯಾರನ್ ಪದವಿ ಸಿಕ್ಕಿತು.

ರಷ್ಯಾದ ಬೊರೊಡಿನೊದಲ್ಲಿ 1812ರಲ್ಲಿ ಒಂದು ದಿನ ಒಂದು ರಾತ್ರಿಯೊಳಗೆ ಸುಮಾರು 200 ಜನರ ಕೈ ಕಾಲು ತೆಗೆದರು. ಮಂಪರು ಬರಿಸುವ ಔಷಧಿ ಇಲ್ಲದ ಕಾಲ. ಸೈನ್ಯ ಸೋತು ವಾಪಸಾಗುವಾಗ ಬೆರೆಝಿನಾ ನದಿಯ ಸೇತುವೆಯ ನೂಕುನುಗ್ಗಲಲ್ಲಿ ಲಾರೇ ಸಿಕ್ಕಿಕೊಂಡರು. ಗುರುತು ಹಿಡಿದ ಸೈನಿಕರು ಅವರನ್ನು ಎತ್ತಿ ತಲೆಗಳ ಮೇಲಿಂದಲೇ ಆಚೆ ದಡಕ್ಕೆ ದಾಟಿಸಿದರು.

ನಿಜವಾದ ಪರೀಕ್ಷೆ ಬಂದದ್ದು 1813ರಲ್ಲಿ. ಹೊಸದಾಗಿ ಸೇರಿದ 2,000ಕ್ಕೂ ಹೆಚ್ಚು ಹುಡುಗರಿಗೆ ಕೈ, ಬೆರಳಿಗೆ ಗಾಯ. ಯುದ್ಧ ತಪ್ಪಿಸೋಕೆ ತಾವೇ ಗುಂಡು ಹೊಡೆದುಕೊಂಡರು ಅನ್ನೋ ಆರೋಪ, ಶಿಕ್ಷೆ ಅಂದರೆ ಮರಣ. ನೆಪೋಲಿಯನ್ ಮನಸ್ಸೂ ಆ ಕಡೆಗೇ ವಾಲಿತ್ತು. ಲಾರೇ ಮುಂದಾಳತ್ವದ ತಂಡ ಒಬ್ಬೊಬ್ಬರನ್ನೇ ಪರೀಕ್ಷಿಸಿತು. ಅನುಭವವಿಲ್ಲದ ಹಿಂದಿನ ಸಾಲಿನವರು ಹೊಡೆದ ಗುಂಡು ಮುಂದಿನ ಸಾಲಿನವರ ಕೈಗೆ ತಾಗಿತ್ತು ಅಂತ ವರದಿ ಕೊಟ್ಟಿತು. ಚಕ್ರವರ್ತಿಗೆ ಬೇಕಾಗಿದ್ದ ಉತ್ತರ ಅದಲ್ಲ, ಆದರೂ ಒಪ್ಪಲೇಬೇಕಾಯಿತು. ಹುಡುಗರು ಉಳಿದರು.

ಎರಡು ವರ್ಷದ ನಂತರ ವಾಟರ್ಲೂ ಯುದ್ಧದಲ್ಲಿ ಪ್ರಶ್ಯನ್ನರ ಕೈಗೆ ಸಿಕ್ಕಿ ಲಾರೇ ತಾವೇ ಗುಂಡಿಗೆ ಬಲಿಯಾಗುವುದರಲ್ಲಿದ್ದರು. ಹಿಂದೆ ಅವರ ಪಾಠ ಕೇಳಿದ್ದ ಶತ್ರು ಸೈನ್ಯದ ಒಬ್ಬ ಸರ್ಜನ್ ಗುರುತು ಹಿಡಿದ. ಪ್ರಶ್ಯನ್ ಸೇನಾಪತಿ ಬ್ಲೂಖರ್‌ನ ಮಗನನ್ನು ಹಿಂದೊಮ್ಮೆ ಬದುಕಿಸಿದ್ದೂ ಇದೇ ಲಾರೇ. ಬ್ಲೂಖರ್ ಅವರನ್ನು ಬಿಟ್ಟು ಕಳಿಸಿದ.

ನೆಪೋಲಿಯನ್ ತನ್ನ ಉಯಿಲಿನಲ್ಲಿ ಲಾರೇಗೆ 100,000 ಫ್ರಾಂಕ್ ಬರೆದಿಟ್ಟ. 1842ರಲ್ಲಿ, 76ನೇ ವಯಸ್ಸಿನಲ್ಲಿ, ಅಲ್ಜೀರಿಯಾದ ಸೈನಿಕ ಆಸ್ಪತ್ರೆಗಳನ್ನು ನೋಡಿಕೊಂಡು ವಾಪಸ್ ಬರುವ ದಾರಿಯಲ್ಲಿ ಲಿಯಾನ್ ನಗರದಲ್ಲಿ ಲಾರೇ ತೀರಿಕೊಂಡರು. ಹೆಂಡತಿ ಷಾರ್ಲಟ್ ಕೆಲವೇ ದಿನ ಮೊದಲು ತೀರಿಕೊಂಡಿದ್ದರು. ಅವರ ದೇಹಾವಶೇಷವನ್ನು ನೆಪೋಲಿಯನ್ ಸಮಾಧಿ ಇರುವ ಪ್ಯಾರಿಸಿನ ಇನ್ವಾಲೀಡ್‌ಗೆ ತಂದದ್ದು 150 ವರ್ಷದ ನಂತರ, 1992ರಲ್ಲಿ.