ಏಡ್ಸ್ ತಂದದ್ದು ಹೆಪಟೈಟಿಸ್ ಬಿ ಲಸಿಕೆಯೇ? ಬರೂಕ್ ಬ್ಲಂಬರ್ಗ್ ಬದುಕಿನಲ್ಲಿದೆ ಉತ್ತರ

ಹೆಪಟೈಟಿಸ್ ಬಿ ಲಸಿಕೆಯಿಂದಲೇ ಜಗತ್ತಿಗೆ ಏಡ್ಸ್ ಹರಡಿತು ಎಂಬ ವದಂತಿ ನಾಲ್ಕು ದಶಕಗಳಿಂದ ಸುತ್ತುತ್ತಲೇ ಇದೆ. ನಿಮ್ಮ ಮೊಬೈಲಿಗೂ ಬಂದಿರಬಹುದು. ಮುಂದಕ್ಕೆ ಕಳುಹಿಸುವ ಮುನ್ನ ಆ ಲಸಿಕೆಯ ಹಿಂದಿದ್ದ ವ್ಯಕ್ತಿಯ ಬದುಕನ್ನು ಒಮ್ಮೆ ನೋಡೋಣ.

ಬರೂಕ್ ಬ್ಲಂಬರ್ಗ್ ಹುಟ್ಟಿದ್ದು 1925ರ ಜುಲೈ 28ರಂದು, ನ್ಯೂಯಾರ್ಕಿನಲ್ಲಿ. ಓದಿದ್ದು ಮೊದಲು ಭೌತಶಾಸ್ತ್ರ, ಆಮೇಲೆ ವೈದ್ಯಕೀಯ. ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಗಣಿ ಊರೊಂದರಲ್ಲಿ ಕೆಲವು ತಿಂಗಳು ಕೆಲಸ ಮಾಡಿದರು. ಅಲ್ಲಿ ಆನೆಕಾಲು ರೋಗ ಸಾಮಾನ್ಯ. ಒಂದೇ ಊರು, ಅದೇ ಸೊಳ್ಳೆ. ಆದರೂ ಕೆಲವರಿಗೆ ರೋಗ ಬರುತ್ತಿತ್ತು, ಕೆಲವರಿಗೆ ಇಲ್ಲ. ಏಕೆ ಹೀಗೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

ಉತ್ತರ ಹುಡುಕುತ್ತಾ ಅವರು ನಾನಾ ದೇಶಗಳ ಜನರ ರಕ್ತದ ಮಾದರಿ ಸಂಗ್ರಹಿಸಿದರು. ಹಲವು ಬಾರಿ ರಕ್ತ ಪಡೆದ ಹಿಮೊಫಿಲಿಯಾ ರೋಗಿಗಳ ರಕ್ತದ ಜೊತೆ ಅವನ್ನು ಪರೀಕ್ಷಿಸಿದರು. 1963ರ ಸುಮಾರಿಗೆ ಬ್ಲಂಬರ್ಗ್ ಮತ್ತು ಸಹೋದ್ಯೋಗಿ ಹಾರ್ವೆ ಆಲ್ಟರ್ ಅವರಿಗೆ ವಿಚಿತ್ರ ಪ್ರತಿಕ್ರಿಯೆಯೊಂದು ಕಂಡಿತು. ಅದಕ್ಕೆ ಕಾರಣವಾದ ಪ್ರೋಟೀನ್ ಇದ್ದದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಹಾಗಾಗಿ ಅದಕ್ಕೆ ಆಸ್ಟ್ರೇಲಿಯಾ ಆಂಟಿಜನ್ ಎಂದು ಹೆಸರಿಟ್ಟರು.

ಇದು ರಕ್ತದ ಕ್ಯಾನ್ಸರಿಗೆ ಸಂಬಂಧಿಸಿದ್ದಿರಬೇಕು ಎಂದು ಮೊದಮೊದಲು ಅವರು ಅಂದುಕೊಂಡಿದ್ದರು. 1967ರಲ್ಲಿ ಅವರ ಲ್ಯಾಬಿನ ತಂತ್ರಜ್ಞೆಯೊಬ್ಬರಿಗೆ ಹುಷಾರಿಲ್ಲದಂತಾಯಿತು. ಅವರು ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿದಾಗ ಅದೇ ಆಂಟಿಜನ್ ಸಿಕ್ಕಿತು. ಅವರಿಗೆ ಬಂದಿದ್ದದ್ದು ಹೆಪಟೈಟಿಸ್, ಅಂದರೆ ಲಿವರ್ ಉರಿಯೂತ. ಅದೃಷ್ಟವಶಾತ್ ಅವರು ಗುಣವಾದರು. ಇಂಥ ಸುಳಿವುಗಳೆಲ್ಲ ಸೇರಿ ಆ ಪ್ರೋಟೀನ್ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂಬುದು ಖಚಿತವಾಯಿತು.

ಇಂದು ನಿಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಕಾಣುವ ಎಚ್‌ಬಿಎಸ್‌ಎಜಿ ಪರೀಕ್ಷೆ ಹುಡುಕುವುದು ಅದನ್ನೇ. ದಾನಿಗಳ ರಕ್ತವನ್ನು ಈ ಪರೀಕ್ಷೆಗೆ ಒಳಪಡಿಸಲು ಶುರುಮಾಡಿದ ಮೇಲೆ ರಕ್ತದ ಮೂಲಕ ಹೆಪಟೈಟಿಸ್ ಬಿ ಹರಡುವುದು ಬಹಳ ಕಡಿಮೆಯಾಯಿತು.

1969ರಲ್ಲಿ ಬ್ಲಂಬರ್ಗ್ ಮತ್ತು ಅರ್ವಿಂಗ್ ಮಿಲ್ಮನ್ ಲಸಿಕೆಗೆ ಪೇಟೆಂಟ್ ಅರ್ಜಿ ಹಾಕಿದರು. ಸೋಂಕಿತರ ರಕ್ತದಿಂದ ಆ ಹೊರಕವಚವನ್ನಷ್ಟೇ ಬೇರ್ಪಡಿಸಿ ಲಸಿಕೆ ಮಾಡುವುದು ಅವರ ಉಪಾಯ. 1976ರಲ್ಲಿ ಬ್ಲಂಬರ್ಗ್ ಅವರಿಗೆ ನೊಬೆಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು.

ಅದೇ ವರ್ಷ ಏಡ್ಸ್‌ನ ಮೊದಲ ವರದಿಗಳೂ ಹೊರಬಂದವು. ಲಸಿಕೆಯ ದೊಡ್ಡ ಪ್ರಯೋಗ ನಡೆದಿದ್ದದ್ದು ನ್ಯೂಯಾರ್ಕಿನ ಸಲಿಂಗಿ ಪುರುಷರಲ್ಲಿ; ಏಡ್ಸ್ ಮೊದಲು ಕಂಡವರಲ್ಲೂ ಅವರೇ ಹೆಚ್ಚು. ಎರಡನ್ನೂ ಸೇರಿಸಿ ವದಂತಿ ಹುಟ್ಟಿತು. ವೈದ್ಯರು, ನರ್ಸ್‌ಗಳು ಕೂಡ ಲಸಿಕೆಗೆ ಹಿಂಜರಿದರು.

ಆದರೆ ಪುರಾವೆ ಬೇರೆಯೇ ಹೇಳುತ್ತದೆ. ಲಸಿಕೆ ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕಗಳು ಎಚ್‌ಐವಿಯನ್ನು ಕೊಲ್ಲುತ್ತವೆ ಎಂದು ಪರೀಕ್ಷೆಗಳು ತೋರಿಸಿದವು. ಆಫ್ರಿಕಾದ ಕಿನ್ಶಾಸಾದಲ್ಲಿ 1959ರಲ್ಲಿ ತೆಗೆದಿಟ್ಟಿದ್ದ ರಕ್ತದಲ್ಲೇ ಎಚ್‌ಐವಿ ಪತ್ತೆಯಾಗಿದೆ. ಆಗ ಈ ಲಸಿಕೆ ಹುಟ್ಟಿಯೇ ಇರಲಿಲ್ಲ. 1986ರಿಂದ ಯೀಸ್ಟ್ ಬಳಸಿ ಲಸಿಕೆ ತಯಾರಾಗುತ್ತಿದೆ. ಅದಕ್ಕೆ ಮನುಷ್ಯರ ರಕ್ತವೇ ಬೇಡ.

ಹಾಗಾದರೆ ಈ ಎರಡು ಕಾಯಿಲೆಗಳಿಗೆ ಸಂಬಂಧವೇ ಇಲ್ಲವೇ? ಇದೆ, ಅವು ಹರಡುವ ದಾರಿಯಲ್ಲಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಮೂರೂ ರಕ್ತ, ಒಬ್ಬರು ಬಳಸಿದ ಸೂಜಿ, ಅಸುರಕ್ಷಿತ ಲೈಂಗಿಕ ಸಂಪರ್ಕ, ತಾಯಿಯಿಂದ ಮಗುವಿಗೆ ಹೀಗೆ ಹರಡುತ್ತವೆ. ಜೊತೆಯಲ್ಲಿ ಕೂತು ಉಂಡರೆ ಹರಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸುಮಾರು 27 ಲಕ್ಷ ಜನರಿಗೆ ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಎರಡೂ ಇವೆ. ಎಚ್‌ಐವಿ ಇದ್ದವರಲ್ಲಿ ಸುಮಾರು 23 ಲಕ್ಷ ಜನರಲ್ಲಿ ಹೆಪಟೈಟಿಸ್ ಸಿ ತಗಲಿದ ಗುರುತು ಇದೆ. ಎರಡು ಸೋಂಕು ಜೊತೆಯಾದರೆ ಲಿವರ್ ಬೇಗ ಹಾಳಾಗುತ್ತದೆ.

ಸಮಾಧಾನದ ಸಂಗತಿಯೂ ಇದೆ. ಎಆರ್‌ಟಿ ಕೇಂದ್ರಗಳಲ್ಲಿ ಕೊಡುವ ಮಾತ್ರೆಯಲ್ಲಿರುವ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎಚ್‌ಐವಿ ಜೊತೆಗೆ ಹೆಪಟೈಟಿಸ್ ಬಿಯನ್ನೂ ಅಡಗಿಸುತ್ತವೆ. ಆದ್ದರಿಂದಲೇ ಅದನ್ನು ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸಿದರೆ ಹೆಪಟೈಟಿಸ್ ಬಿ ಒಮ್ಮೆಲೇ ಕೆರಳಬಹುದು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಆದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ನೂರಕ್ಕೆ 95ಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ, ಎಚ್‌ಐವಿ ಇದ್ದವರೂ ಸೇರಿ. ಆ ಸಿ ವೈರಸ್ಸಿನ ಜಾಡು ಹಿಡಿದವರಲ್ಲಿ ಒಬ್ಬರು ಬ್ಲಂಬರ್ಗ್ ಅವರ ಹಳೆಯ ಜೊತೆಗಾರ ಆಲ್ಟರ್. ಅದಕ್ಕೆ 2020ರಲ್ಲಿ ಅವರಿಗೂ ನೊಬೆಲ್ ಬಂತು.

ಬ್ಲಂಬರ್ಗ್ 2011ರ ಏಪ್ರಿಲ್ 5ರಂದು ತೀರಿಕೊಂಡರು. ಅವರ ಹುಟ್ಟಿದ ದಿನ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಈ ಲಸಿಕೆ ಉಚಿತವಾಗಿ ಸಿಗುತ್ತದೆ. ಸುಳ್ಳು ಸಂದೇಶ ನಂಬಿ ಅದನ್ನು ತಪ್ಪಿಸಿದರೆ, ಮುಂದೆ ನಷ್ಟ ಅನುಭವಿಸುವುದು ಆ ಮಗುವಿನ ಲಿವರ್. ಮನೆಯಲ್ಲಿ ಯಾರಿಗಾದರೂ ಎಚ್‌ಐವಿ ಇದ್ದರೆ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾಹಿತಿಯನ್ನು ಮಾಡಿ.